ಹನ್ನೊಂದು ಜನ ಸಿಕ್ಕರೆ ಪಂದ್ಯ, ಸಿಗದಿದ್ದರೆ ವಾಕೋವರ್!

ಕಬಡ್ಡಿಗೆ ಏಳು ಜನ ಸಾಕು. ವಾಲಿಬಾಲಿಗೆ ಆರು. ಕ್ರಿಕೆಟ್ಟಿಗೆ ಹನ್ನೊಂದು ಜನ ಬೇಕಾದರೂ ಚಿಂತೆಯಿಲ್ಲ, ಯಾವ ಟೀ ಅಂಗಡಿ ಮುಂದೆ ನಿಂತು ಕೂಗಿದರೂ ಇಪ್ಪತ್ತೆರಡು ಜನ ಓಡಿ ಬರುತ್ತಾರೆ. ಹಾಕಿಯ ಪಾಡು ಮಾತ್ರ ಹಾಗಲ್ಲ. ಅದಕ್ಕೂ ಬೇಕಾಗಿರುವುದು ಹನ್ನೊಂದೇ ಜನ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರಿನ ಕಾಲೇಜಿನಲ್ಲಿ ‘ಹಾಕಿ ತಂಡದ ಆಯ್ಕೆ’ ಎಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರೆ, ಸ್ಟಿಕ್ ಹಿಡಿಯಲು ಬಲ್ಲವರು ನಾಲ್ಕೋ ಐದೋ ಮಂದಿ ಬಂದರೆ ಪುಣ್ಯ. ಉಳಿದ ಸ್ಥಾನಕ್ಕೆ ಕಬಡ್ಡಿಯವನನ್ನು ಬ್ಯಾಕ್ ಮಾಡು, ಓಟದವನನ್ನು ವಿಂಗ್‌ಗೆ ಹಾಕು, ಹೆದರಿಕೆ ಇಲ್ಲದವನನ್ನು ಹುಡುಕಿ ಗೋಲಿನಲ್ಲಿ ನಿಲ್ಲಿಸು. ಹೀಗೆ ತಲೆ ಎಣಿಸಿ ಲೆಕ್ಕ ಕೂಡಿಸಬೇಕು. ಲೆಕ್ಕ ಕೂಡಿದರೆ ಪಂದ್ಯ. ಕೂಡದಿದ್ದರೆ ಎದುರು ತಂಡಕ್ಕೆ ವಾಕೋವರ್. ಅಲ್ಲಿಗೆ ಆ ವರ್ಷದ ಸೀಸನ್ನೇ ಖಲಾಸ್.

ಆಟ ತಾನೆ, ಹೋದರೆ ಹೋಯಿತು ಬಿಡಿ ಎನ್ನುವವರು ಇರಬಹುದು. ಗಲ್ಲಾ ಪೆಟ್ಟಿಗೆ ಮುಂದೆ ಕೂತವರಿಗೆ ಲಾಭ ನಷ್ಟದ ಭಾಷೆಯಲ್ಲೇ ಹೇಳುವುದಾದರೆ ಸಂಗತಿ ಹೀಗಿದೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ನೌಕರಿಗಳಿಗೆ ಕ್ರೀಡಾ ಕೋಟಾ ಎಂಬುದೊಂದಿದೆ. ದೇಶಕ್ಕೆ ಆಡಿದವರು, ರಾಜ್ಯಕ್ಕೆ ಆಡಿದವರು ಅದಕ್ಕೆ ಅರ್ಹರು ಎಂಬುದು ಎಲ್ಲರಿಗೂ ಗೊತ್ತು. ತಮ್ಮ ವಿಶ್ವವಿದ್ಯಾನಿಲಯವನ್ನು ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯಲ್ಲಿ ಪ್ರತಿನಿಧಿಸಿದವರೂ ಅರ್ಹರು ಎಂಬುದು ಹಳ್ಳಿ ಕಡೆಯ ತಂದೆ ತಾಯಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ರೈಲ್ವೆ, ಅಂಚೆ, ಆದಾಯ ತೆರಿಗೆ ಕಚೇರಿಯಂಥ ಕಡೆ ಅರ್ಜಿ ಹಾಕುವಾಗ ಆ ಒಂದು ಹಾಳೆ ಸರ್ಟಿಫಿಕೇಟಿಗೆ ಇರುವ ತೂಕ ಅಷ್ಟಿಷ್ಟಲ್ಲ. ಆ ಹಾಳೆ ಸಿಗಬೇಕಾದರೆ ವಿ.ವಿ. ತಂಡಕ್ಕೆ ಆಯ್ಕೆ ಆಗಬೇಕು. ಆಯ್ಕೆ ಮಾಡುವವರ ಕಣ್ಣಿಗೆ ಬೀಳುವ ಜಾಗ ಎಂದರೆ ಅಂತರ ಕಾಲೇಜು ಪಂದ್ಯಾವಳಿ. ಅಲ್ಲಿ ಕಾಲೇಜಿನ ಹೆಸರೇ ಇಲ್ಲದಿದ್ದರೆ, ಇದ್ದರೂ ವಾಕೋವರ್ ಕೊಟ್ಟು ಮನೆಯಲ್ಲಿ ಕೂತರೆ, ನಿಜವಾಗಿ ಆಡಬಲ್ಲ ಆ ನಾಲ್ಕೈದು ಹುಡುಗರ ಗತಿ ಏನು? ಹತ್ತು ಜನ ಬಾರದ ತಪ್ಪಿಗೆ ಹನ್ನೊಂದನೆಯವನ ಅನ್ನಕ್ಕೆ ಕಲ್ಲು. ಹಾಕಿಯಂಥ ತಂಡದ ಆಟದಲ್ಲಿರುವ ಅನ್ಯಾಯ ಇದೇ. ಓಟಗಾರ ಒಬ್ಬನೇ ಬಸ್ ಹತ್ತಿ ಹೋಗಿ ಓಡಿ ಗೆದ್ದು ಬರಬಹುದು. ಹಾಕಿಯವನಿಗೆ ಆ ಭಾಗ್ಯ ಇಲ್ಲ.

ಒಂದೇ ಊರು, ಹಲವು ದಾರಿ

ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರಲ್ಲ, ಒಂದು ತಂಡಕ್ಕೆ ಜನ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತಾರೆ. ಆದರೆ ಒಟ್ಟಿಗೆ ಆಡಿಸುವ ಹಾಗಿಲ್ಲ. ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಷ್ಟು ಹಳೆಯದು. ಅಲ್ಲಿಯ ಹುಡುಗರು ಈಗ ಆಡಬೇಕಾದದ್ದು ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಂದ್ಯಾವಳಿಯಲ್ಲಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರದೂ ಅದೇ ದಾರಿ. ಹಾಸನದ ಪಶುವೈದ್ಯಕೀಯ ಕಾಲೇಜಿನವರಿಗೆ ಮೂಲ ಬೀದರ್. ವೈದ್ಯಕೀಯ ಕಾಲೇಜಿನವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ. ಕಾರೆಕೆರೆ ಕೃಷಿ ಕಾಲೇಜಿನವರದು ಕೃಷಿ ವಿ.ವಿ. ಲೆಕ್ಕ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರದು ಮತ್ತೊಂದು. ಪಿಯುಸಿ ಹುಡುಗರದು ಇವೆಲ್ಲಕ್ಕೂ ಹೊರಗೆ. ಅವರಿಗೆ ಪದವಿಪೂರ್ವ ಇಲಾಖೆಯ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಪ್ರತ್ಯೇಕ ಏಣಿ ಇದೆ.

ಹೀಗಾಗಿ ಒಂದೇ ಬೀದಿಯಲ್ಲಿ ಬೆಳೆದು, ಒಂದೇ ಮೈದಾನದಲ್ಲಿ ಸಂಜೆ ಸ್ಟಿಕ್ ಬೀಸಿದ ಹನ್ನೊಂದು ಹುಡುಗರು ಪಿಯುಸಿ ಮುಗಿಸುತ್ತಿದ್ದಂತೆ ಹನ್ನೊಂದು ದಿಕ್ಕಿಗೆ ಚದುರಿ ಹೋಗುತ್ತಾರೆ. ಒಳ್ಳೆಯ ಸೆಂಟರ್ ಹಾಫ್ ಎಂಜಿನಿಯರಿಂಗ್ ಸೇರಿದ, ಅವನಿಂದ ಪಾಸ್ ತೆಗೆದುಕೊಳ್ಳುತ್ತಿದ್ದ ಫಾರ್ವರ್ಡ್ ಬಿ.ಕಾಂ.ಗೆ ಹೋದ. ಇಬ್ಬರೂ ಹಾಸನದಲ್ಲೇ ಇದ್ದಾರೆ, ಎನ್.ಆರ್. ಸರ್ಕಲ್‌ನಲ್ಲಿ ದಿನಾ ಎದುರಾಗುತ್ತಾರೆ, ಒಂದೇ ತಂಡಕ್ಕೆ ಆಡುವಂತಿಲ್ಲ. ಕಾಗದದ ಮೇಲೆ ಗೆರೆ ಎಳೆದವರು ಹಾಕಿಯನ್ನು ನೆನೆಸಿಕೊಂಡು ಎಳೆದಿರಲಿಲ್ಲ ಎನ್ನುವುದು ಬೇರೆ ಮಾತು.

ಈ ಗೆರೆಗಳಾದರೂ ಒಂದು ಕಡೆ ನಿಂತಿವೆಯೇ? 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಬಹುಕಾಲ ದೊಡ್ಡ ಕುಟುಂಬ. ಕೊಡಗಿನ ಕಾಲೇಜುಗಳೂ ಅದರಲ್ಲಿದ್ದ ಕಾಲವಿತ್ತು. 1980ರಲ್ಲಿ ಮಂಗಳೂರು ವಿ.ವಿ. ಆದ ಮೇಲೆ ಕೊಡಗು ಅತ್ತ ಹೋಯಿತು, ಹಾಸನ ಇತ್ತಲೇ ಉಳಿಯಿತು. ಕೊಡಗಿನ ಹುಡುಗರ ಎದುರು ಆಡುವುದೆಂದರೆ ಸೋಲುವುದು ಎಂದೇ ಅರ್ಥವಿರಬಹುದು. ಆದರೆ ಹಾಕಿ ಕಲಿಯುವುದೇ ಹಾಗೆ. ತನಗಿಂತ ಗಟ್ಟಿಗನ ಕೈಯಲ್ಲಿ ಚೆಂಡು ಕಳೆದುಕೊಂಡಾಗಲೇ ಚೆಂಡು ಉಳಿಸಿಕೊಳ್ಳುವುದು ಹೇಗೆಂದು ಬುದ್ಧಿ ಬರುವುದು. ಆ ನೆರೆಹೊರೆಯ ಪಾಠ ಗಡಿ ಬದಲಾದಾಗ ತಪ್ಪಿತು.

ಆಮೇಲೆ 2022–23ರ ರಾಜ್ಯ ಬಜೆಟ್ಟಿನಲ್ಲಿ ಏಳು ಹೊಸ ವಿ.ವಿ.ಗಳ ಘೋಷಣೆಯಾಯಿತು. ಹೇಮಗಂಗೋತ್ರಿ ಹಾಸನ ವಿಶ್ವವಿದ್ಯಾನಿಲಯ ಆಯಿತು. ಕೊಡಗಿಗೂ ಚಿಕ್ಕ ಅಳುವಾರದಲ್ಲಿ ತನ್ನದೇ ವಿ.ವಿ. ಬಂತು. ಜಿಲ್ಲೆಯ ಕಾಲೇಜುಗಳು ಮೈಸೂರಿನ ಕೈ ಬಿಟ್ಟು ಹಾಸನದ ಕೈ ಹಿಡಿದವು. 2025ರ ಫೆಬ್ರವರಿ ಹೊತ್ತಿಗೆ ಹಾಸನವೂ ಸೇರಿದಂತೆ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಎದ್ದಿತು. ಕೂಡಲೇ ಪ್ರತಿಭಟನೆ, ಹೇಳಿಕೆ, ಮರುಹೇಳಿಕೆ ಎಲ್ಲವೂ ಆದವು. ಶುಲ್ಕ, ಅಂಕಪಟ್ಟಿ, ಬೋಧಕರ ವಿಷಯ ಎಲ್ಲರೂ ಮಾತಾಡಿದರು. ವಿ.ವಿ. ತಂಡದ ಬಣ್ಣ ಬದಲಾದರೆ ಆಟಗಾರನಿಗೆ ಏನಾಗುತ್ತದೆ ಎಂದು ಕೇಳಿದವರು ವಿರಳ.

ಆಗುವುದು ಎರಡು ಬಗೆ. ವಿ.ವಿ. ದೊಡ್ಡದಾದಷ್ಟೂ ತಾಲ್ಲೂಕಿನ ಹುಡುಗನಿಗೆ ಬಾಗಿಲು ಕಿರಿದು. ಮೈಸೂರು ನಗರದ ದೊಡ್ಡ ಕಾಲೇಜುಗಳ ಹುಡುಗರ ನಡುವೆ ನುಗ್ಗಿ ಹದಿನಾರರ ಪಟ್ಟಿಯಲ್ಲಿ ಹೆಸರು ಬರಿಸುವುದು ಸುಲಭದ ಮಾತಲ್ಲ. ವಿ.ವಿ. ಸಣ್ಣದಾದರೆ ಹಾಕಿ ಆಡುವ ಕಾಲೇಜುಗಳೇ ಬೆರಳೆಣಿಕೆ, ಬಾಗಿಲು ಅಗಲ. ಅರಕಲಗೂಡಿನವನಿಗೂ ಚನ್ನರಾಯಪಟ್ಟಣದವನಿಗೂ ವಿ.ವಿ. ಜೆರ್ಸಿ ಕೈಗೆಟುಕುವ ದೂರ. ಆದರೆ ಅದೇ ತಂಡ ದಕ್ಷಿಣ ವಲಯಕ್ಕೆ ಹೋಗಿ ತಮಿಳುನಾಡು, ಕೇರಳ, ಬೆಂಗಳೂರಿನ ನುರಿತ ತಂಡಗಳ ಎದುರು ನಿಂತಾಗ ಗೋಲು ಎಣಿಸಲು ಎರಡು ಕೈ ಬೆರಳು ಸಾಲದಂತಾಗುವ ಭಯವೂ ಉಂಟು. ಹುಡುಗನಿಗೆ ಲಾಭ, ಆಟಕ್ಕೆ ನಷ್ಟ. ಇಷ್ಟಾದರೂ ಸಣ್ಣ ಬಾಗಿಲಿಗಿಂತ ದೊಡ್ಡ ಬಾಗಿಲೇ ಮೇಲು. ಒಳಗೆ ಹೋದವನು ಮುಂದೆ ಕಲಿತಾನು, ಹೊರಗೆ ನಿಂತವನು ಏನು ಕಲಿತಾನು?

ಮಣ್ಣಿನಲ್ಲಿ ಕಲಿತು ಹಾಸಿನ ಮೇಲೆ ಸೋಲು

ತಾಲ್ಲೂಕು ಕಾಲೇಜಿನ ಮೈದಾನ ಎಂದರೆ ಮಣ್ಣು. ಮಳೆಗಾಲದಲ್ಲಿ ಕೆಸರು, ಮಾಗಿಯಲ್ಲಿ ಗಟ್ಟಿ, ಬೇಸಿಗೆಯಲ್ಲಿ ಕಲ್ಲು. ಅದೇ ಮೈದಾನದಲ್ಲಿ ಒಂದು ಮೂಲೆಗೆ ಕ್ರಿಕೆಟ್, ಇನ್ನೊಂದು ಮೂಲೆಗೆ ಖೋ ಖೋ, ನಡುವೆ ಊರಿನವರ ದನ. ಹಾಕಿ ಮೈದಾನಕ್ಕೆ ಬೇಕಾದ ಉದ್ದ 91.40 ಮೀಟರ್, ಅಗಲ 55 ಮೀಟರ್. ಅಷ್ಟು ಸಪಾಟು ಜಾಗ ಬಿಟ್ಟುಕೊಡುವ ಕಾಲೇಜು ಎಲ್ಲಿದೆ? ಸಿಕ್ಕಿದಷ್ಟರಲ್ಲಿ ಸುಣ್ಣದ ಗೆರೆ ಎಳೆದು ಆಡುವುದೇ ವಾಡಿಕೆ.

ಮಣ್ಣಿನ ಮೇಲೆ ಚೆಂಡು ನೇರ ಬರುವುದಿಲ್ಲ. ಕಲ್ಲಿಗೆ ತಾಗಿ ಮೊಣಕಾಲಿಗೆ ಹಾರುತ್ತದೆ, ಇಲ್ಲವೇ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೆ ತಕ್ಕಂತೆ ಹುಡುಗ ಕಲಿಯುವುದೂ ಬೇರೆ. ಸ್ಟಿಕ್ ನೆಟ್ಟಗೆ ಹಿಡಿದು ಚೆಂಡು ತಡೆಯುತ್ತಾನೆ, ಬೀಸಿ ಹೊಡೆಯುತ್ತಾನೆ, ನಿಂತ ಚೆಂಡಿನ ಹಿಂದೆ ಓಡುತ್ತಾನೆ. ಪಂದ್ಯಾವಳಿ ನಡೆಯುವುದು ಕೃತಕ ಹಾಸಿನ ಮೇಲಾದರೆ ಈ ವಿದ್ಯೆಯೆಲ್ಲ ನೀರುಪಾಲು. ಅಲ್ಲಿ ಆಟಕ್ಕೆ ಮುನ್ನ ಹಾಸಿಗೆ ನೀರು ಚಿಮುಕಿಸುತ್ತಾರೆ. 156ರಿಂದ 163 ಗ್ರಾಂ ತೂಕದ ಗಟ್ಟಿ ಚೆಂಡು ಆ ಒದ್ದೆಯ ಮೇಲೆ ಜಾರಿಕೊಂಡು ಹಾವಿನಂತೆ ಬರುತ್ತದೆ. ಸ್ಟಿಕ್ಕನ್ನು ನೆಲಕ್ಕೆ ಅಂಟಿಸಿ, ಸೊಂಟ ಬಗ್ಗಿಸಿ ತಡೆಯಬೇಕು. ನಿನ್ನೆಯವರೆಗೆ ಮಣ್ಣಿನಲ್ಲಿ ಆಡಿದವನು ಇವತ್ತು ಬೆಳಿಗ್ಗೆ ಬಸ್ಸಿನಿಂದ ಇಳಿದು ಅದರ ಮೇಲೆ ನಿಂತರೆ ಮೊದಲ ಹದಿನೈದು ನಿಮಿಷ ಚೆಂಡು ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಮೂರು ಗೋಲು ಆಗಿರುತ್ತದೆ.

ಇದು ತಾಲ್ಲೂಕು ಹುಡುಗರ ದಡ್ಡತನ ಎಂದು ನಗಬೇಡಿ. ಇಡೀ ಭಾರತ ತಂಡಕ್ಕೇ ಒಮ್ಮೆ ಹೀಗಾಯಿತು. 1928ರಿಂದ 1972ರವರೆಗೆ ಒಲಿಂಪಿಕ್ಸ್‌ನಿಂದ ಬರಿಗೈಯಲ್ಲಿ ಬಾರದಿದ್ದ ಭಾರತದ ಹಾಕಿ ತಂಡ, ಮೊದಲ ಸಲ ಕೃತಕ ಹಾಸಿನ ಮೇಲೆ ಆಟ ನಡೆದ 1976ರ ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. ಹುಲ್ಲಿನ ಮೇಲೆ ಮಾಂತ್ರಿಕರಾಗಿದ್ದವರು ಹಾಸಿನ ಮೇಲೆ ತಡವರಿಸಿದರು. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದವರು. 1980ರ ಮಾಸ್ಕೋದಲ್ಲಿ ಚಿನ್ನ ಬಂತು, ಕೊಡಗಿನವರೇ ಆದ ಎಂ.ಎಂ. ಸೋಮಯ್ಯ ಆಗ ತಂಡದಲ್ಲಿದ್ದರು. ಅದಾದ ಮೇಲೆ ಮತ್ತೊಂದು ಪದಕ ಕೈಗೆ ಬರಬೇಕಾದರೆ 2021ರಲ್ಲಿ ನಡೆದ ಟೋಕಿಯೋ ಕೂಟದ ಕಂಚಿನವರೆಗೆ 41 ವರ್ಷ ಕಾಯಬೇಕಾಯಿತು. ದೇಶಕ್ಕೇ ಅಷ್ಟು ಕಾಲ ಹಿಡಿದ ಪಾಠವನ್ನು ಹೊಳೆನರಸೀಪುರದ ಹುಡುಗ ಹದಿನೈದು ನಿಮಿಷದಲ್ಲಿ ಕಲಿಯಬೇಕೆಂದರೆ ಹೇಗೆ ಸ್ವಾಮಿ?

ಹಾಸಿನ ಆಟದ ಇನ್ನೊಂದು ಗುಟ್ಟು ಬದಲಿ ಆಟಗಾರರು. ಹಿಂದೆ 35 ನಿಮಿಷದ ಎರಡು ಅರ್ಧ ಇದ್ದದ್ದು ಈಗ 15 ನಿಮಿಷದ ನಾಲ್ಕು ಕಾಲು. ಎಷ್ಟು ಸಲ ಬೇಕಾದರೂ ಆಟಗಾರನನ್ನು ಹೊರಗೆ ಕರೆದು ದಣಿವಾರಿಸಿ ಮತ್ತೆ ಒಳಗೆ ಬಿಡಬಹುದು. ಹದಿನಾರು ಜನರ ತಂಡ ಈ ಸೌಲಭ್ಯ ಬಳಸಿಕೊಂಡು ಕೊನೆಯವರೆಗೂ ಅದೇ ವೇಗದಲ್ಲಿ ಓಡುತ್ತದೆ. ಹನ್ನೊಂದೇ ಜನ ತಂದ ತಂಡದ ಬೆಂಚಿನ ಮೇಲೆ ಇರುವುದು ನೀರಿನ ಬಾಟಲಿ ಮಾತ್ರ. ಮೂರನೇ ಕಾಲು ಮುಗಿಯುವ ಹೊತ್ತಿಗೆ ನಾಲಿಗೆ ಹೊರಗೆ. ಕಾಲೇಜು ತಂಡಗಳ ಸ್ಕೋರ್ ಗಮನಿಸಿದವರಿಗೆ ಗೊತ್ತು: ಅರ್ಧ ಆಟದವರೆಗೆ ಒಂದು–ಎರಡು ಗೋಲಿನ ಅಂತರದಲ್ಲಿ ಇರುವ ಪಂದ್ಯ ಕೊನೆಗೆ ಏಳು, ಎಂಟಕ್ಕೆ ಹೋಗಿ ಮುಟ್ಟುವುದು ಕೌಶಲ್ಯದಿಂದಲ್ಲ, ಉಸಿರಿನಿಂದ.

ಮಳೆ, ಹೊಗೆಸೊಪ್ಪು, ಪರೀಕ್ಷೆ

ಸೀಸನ್ ಎಂದರೆ ಎಷ್ಟು ದಿನ? ಕಾಲೇಜು ಬಾಗಿಲು ತೆರೆಯುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ, ಆಡಬಹುದು. ಅರಕಲಗೂಡಿನ ಮಲೆನಾಡಿನ ಮಗ್ಗುಲಲ್ಲಿ ಜುಲೈ, ಆಗಸ್ಟ್ ಎಂದರೆ ಮೈದಾನಕ್ಕೆ ಇಳಿಯುವ ಮಾತೇ ಇಲ್ಲ. ಮಳೆ ಬಿಟ್ಟಿತು ಎನ್ನುವಾಗ ಮನೆಯಲ್ಲಿ ಆಲೂಗಡ್ಡೆ ಕೀಳುವುದಿದೆ, ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪು ಬಿಡಿಸಿ ಬ್ಯಾರನ್ನಿಗೆ ಏರಿಸುವುದಿದೆ. ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ರಾತ್ರಿ ಹಗಲು ಯಾರಾದರೂ ಕಾಯಲೇಬೇಕು. ಕಾಲೇಜು ಓದುವ ಮಗ ಮನೆಯಲ್ಲಿದ್ದರೆ ಅವನೇ ಕಾಯುವವನು. ಅಪ್ಪನಿಗೆ ‘ನಾಳೆ ಪ್ರಾಕ್ಟೀಸ್ ಇದೆ’ ಎಂದು ಹೇಳುವ ಧೈರ್ಯ ಯಾವ ಸೆಂಟರ್ ಫಾರ್ವರ್ಡ್‌ಗೆ ಇದ್ದೀತು? ನವೆಂಬರ್ ಬಂದರೆ ರಾಗಿ ಕುಯ್ಲು, ಅದರ ಬೆನ್ನಿಗೆ ಸೆಮಿಸ್ಟರ್ ಪರೀಕ್ಷೆ. ನಡುವೆ ಶೇ. 75 ಹಾಜರಾತಿಯ ಕತ್ತಿ ತಲೆ ಮೇಲೆ ತೂಗುತ್ತಿರುತ್ತದೆ. ಇಷ್ಟರ ಸಂದಿನಲ್ಲಿ ಅಂತರ ಕಾಲೇಜು ಪಂದ್ಯಾವಳಿಯ ಸುತ್ತೋಲೆ ಬರುತ್ತದೆ. ಬಂದ ಮೇಲೆ ತಂಡ ಕಟ್ಟುವುದು, ಅಭ್ಯಾಸ ಮಾಡುವುದು, ಹೊರಡುವುದು ಎಲ್ಲ ಹತ್ತು–ಹದಿನೈದು ದಿನದ ವ್ಯವಹಾರ.

ಪಂದ್ಯಾವಳಿಯೂ ಬಹುಪಾಲು ನಾಕೌಟ್. ಸೋತರೆ ಗಂಟುಮೂಟೆ ಕಟ್ಟಬೇಕು. ಒಂದು ಪಂದ್ಯ ಎಂದರೆ 60 ನಿಮಿಷ. ಮೂರು ವರ್ಷದ ಪದವಿಯಲ್ಲಿ ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಸೋತ ಹುಡುಗ ಒಟ್ಟು ಆಡಿದ ಕಾಲೇಜು ಹಾಕಿ 180 ನಿಮಿಷ. ಬಿ.ಎಂ. ರಸ್ತೆಯಲ್ಲಿ ಹಾಸನದಿಂದ ಬೆಂಗಳೂರಿಗೆ ಹೋಗುವ ಬಸ್ಸು ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಸೀಸನ್ ಕಿರಿದಾದವರು ನಾವೊಬ್ಬರೇ ಅಲ್ಲ. ದೇಶದ ಉತ್ತರ ತುದಿಯ ಲಡಾಖ್‌ನಲ್ಲಿ ಐಸ್ ಹಾಕಿ ಆಡುತ್ತಾರೆ. ಹೆಪ್ಪುಗಟ್ಟಿದ ಕೆರೆಯ ಮೇಲೆ, ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು, ಚೆಂಡಿನ ಬದಲು ಚಪ್ಪಟೆ ಬಿಲ್ಲೆಯನ್ನು ಬಡಿಯುವ ಆಟ. ಒಂದು ಕಡೆಗೆ ಗೋಲಿ ಸೇರಿ ಆರೇ ಜನ. ಆದರೂ ಇಪ್ಪತ್ತು ಜನರ ತಂಡ ಬೇಕು, ಏಕೆಂದರೆ ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಕೆರೆಯ ಮಂಜು ಗಟ್ಟಿಯಾಗಿ ನಿಲ್ಲುವುದು ವರ್ಷಕ್ಕೆ ಎರಡು ತಿಂಗಳು, ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಅಲ್ಲಿಯ ಹೆಣ್ಣುಮಕ್ಕಳು ಹುಡುಗರು ಬಳಸಿ ಬಿಟ್ಟ ಬೂಟು, ಪ್ಯಾಡು ಕಟ್ಟಿಕೊಂಡು ಶುರು ಮಾಡಿದವರು. 2016ರಲ್ಲಿ ತೈಪೆಯಲ್ಲಿ ಮೊದಲ ಬಾರಿಗೆ ಭಾರತದ ಪರ ಆಡಿದರು, ಸೋತರು. ಖರ್ಚಿಗೆ ಜನರಿಂದ ಚಂದಾ ಎತ್ತಿದರು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೈನ್ಸ್ ವಿರುದ್ಧ 4–3ರಿಂದ ಮೊದಲ ಗೆಲುವು ಕಂಡರು. 2025ರ ಜೂನ್‌ನಲ್ಲಿ ಅಬುಧಾಬಿ ಕಡೆಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚು ತಂದರು. ಎರಡು ತಿಂಗಳ ಸೀಸನ್ನಿನವರು ಅಲ್ಲಿಗೆ ಮುಟ್ಟಿದ್ದು ಉಳಿದ ಹತ್ತು ತಿಂಗಳು ಕೈಕಟ್ಟಿ ಕೂತು ಅಲ್ಲ. ಒಂದೇ ಗುಂಪಾಗಿ ವರ್ಷ ವರ್ಷ ಒಟ್ಟಿಗೆ ಉಳಿದು. ನಮ್ಮ ಕಾಲೇಜು ತಂಡಕ್ಕೆ ಇಲ್ಲದಿರುವುದು ಅದೇ. ಪ್ರತಿ ವರ್ಷ ಹೊಸದಾಗಿ ತಲೆ ಎಣಿಸಬೇಕು.

ಗೋಲ್‌ಕೀಪರ್ ಎಂಬ ಬಡಪಾಯಿ

ಸಾಮಾನಿನ ವಿಷಯಕ್ಕೆ ಬಂದರೆ, ಸ್ಟಿಕ್ ಹೇಗೋ ಒದಗುತ್ತದೆ. ಜಲಂಧರ್, ಮೀರತ್ ಕಡೆಯಿಂದ ಬರುವ ಮರದ ಸ್ಟಿಕ್ಕಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಹಿಪ್ಪುನೇರಳೆ ಮರ. ನಮ್ಮ ರೈತರು ಅದೇ ಹಿಪ್ಪುನೇರಳೆಯ ಸೊಪ್ಪು ಕುಯ್ದು ರೇಷ್ಮೆ ಹುಳುವಿಗೆ ಹಾಕುತ್ತಾರೆ. ಗಿಡ ಇಲ್ಲಿದೆ, ಸ್ಟಿಕ್ ಅಲ್ಲಿಂದ ಬರಬೇಕು! ಈಗ ಮರದ್ದೂ ಹಿಂದೆ ಬಿದ್ದು ಫೈಬರ್, ಕಾರ್ಬನ್ ಸ್ಟಿಕ್ಕುಗಳ ಕಾಲ. ಒಳ್ಳೆಯದೊಂದಕ್ಕೆ ಸಾವಿರಗಳ ಲೆಕ್ಕ. ಒಬ್ಬನ ಸ್ಟಿಕ್ ಇನ್ನೊಬ್ಬ ಎರವಲು ಪಡೆದು ಕಾಲ ಹಾಕಬಹುದು.

ಎರವಲು ಸಾಲದಿರುವುದು ಗೋಲಿನಲ್ಲಿ ನಿಲ್ಲುವವನಿಗೆ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲಿನ ಬಾಯಲ್ಲಿ ಅವನು ನಿಂತಿರುತ್ತಾನೆ. ಎದುರಿಗೆ 14.63 ಮೀಟರ್ ದೂರದ ವೃತ್ತದ ತುದಿಯಿಂದ ಬೀಸಿದ ಚೆಂಡು ಕಣ್ಣು ಮಿಟುಕಿಸುವುದರಲ್ಲಿ ಬಂದು ಬಡಿಯುತ್ತದೆ. ಹೆಲ್ಮೆಟ್, ಎದೆಗವಚ, ಕೈಗವಸು, ಕಾಲಿಗೆ ಪ್ಯಾಡು, ಪಾದಕ್ಕೆ ಕಿಕ್ಕರ್, ಇಷ್ಟೂ ಬೇಕು. ಪೂರಾ ಕಿಟ್ಟಿನ ಬೆಲೆ ಹತ್ತಾರು ಸಾವಿರ. ಕಾಲೇಜಿನ ಕ್ರೀಡಾ ಶುಲ್ಕದಲ್ಲಿ ಎಲ್ಲ ಆಟಕ್ಕೂ ಹಂಚಿ ಉಳಿದದ್ದರಲ್ಲಿ ಇದನ್ನು ಕೊಳ್ಳುವುದು ಎಂದರೆ ಇತರ ಆಟದವರ ಬಾಯಿಗೆ ಬೀಗ. ಒಮ್ಮೆ ಕೊಂಡದ್ದು ಹತ್ತು ವರ್ಷ ಬಾಳಬೇಕು. ಬೀರುವಿನಲ್ಲಿ ಇಲಿ ಕಡಿದ ಪ್ಯಾಡು, ಸ್ಟ್ರ್ಯಾಪ್ ಹರಿದು ದಾರದಲ್ಲಿ ಕಟ್ಟಿದ ಕಿಕ್ಕರ್ ನೋಡಿದರೆ ಮನೆಯವರು ಮಗನನ್ನು ಕಳಿಸುವುದೇ ಅನುಮಾನ. ಕಿಟ್ ಇಲ್ಲದವರೂ ಆಡಬಹುದು ಎನ್ನುತ್ತದೆ ನಿಯಮ. ಹನ್ನೊಂದೂ ಜನ ಸಾದಾ ಆಟಗಾರರಾಗಿ ಇಳಿಯಬಹುದು. ಆದರೆ 2019ರಿಂದ ಅಂಥ ತಂಡದಲ್ಲಿ ಯಾರಿಗೂ ಗೋಲ್‌ಕೀಪರನ ಹಾಗೆ ಕಾಲಿನಿಂದಲೋ ಮೈಯಿಂದಲೋ ಚೆಂಡು ತಡೆಯುವ ಹಕ್ಕಿಲ್ಲ. ಬಾಗಿಲಿಲ್ಲದ ಅಂಗಡಿ ಹಾಕಿಕೊಂಡು ಕೂತ ಹಾಗೆ.

ಟಿಕೆಟ್ ಟಿಕೆಟ್!

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಹೆಚ್ಚು ಕಡಿಮೆ 30 ಕಿಲೋಮೀಟರ್. ಚನ್ನರಾಯಪಟ್ಟಣ 40ರ ಹತ್ತಿರ. ಮೂರೂ ಊರಿನ ಆಡಬಲ್ಲ ಹುಡುಗರು ವಾರಕ್ಕೆರಡು ದಿನ ಹಾಸನದಲ್ಲಿ ಸೇರಿ ಒಟ್ಟಿಗೆ ಅಭ್ಯಾಸ ಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ. ಬೇರೆ ಬೇರೆ ಕಾಲೇಜಿಗೆ ಆಡುವವರಾದರೂ ಅಭ್ಯಾಸಕ್ಕೆ ಒಟ್ಟಾಗುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ತಡೆಯುವುದು ಬಸ್ ಪಾಸು. ಸಾರಿಗೆ ನಿಗಮದ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ ಹೋಗಿ ಬರುವ ದಾರಿಗೆ ಮಾತ್ರ. ಕೊಣನೂರಿನಿಂದ ಅರಕಲಗೂಡಿಗೆ ಪಾಸು ಇರುವವನು ಹಾಸನದ ಮೈದಾನಕ್ಕೆ ಹೋಗಬೇಕೆಂದರೆ ಅರಕಲಗೂಡಿನಿಂದ ಮುಂದಕ್ಕೆ ಪೂರಾ ಟಿಕೆಟ್. ಹೋಗುವುದು, ಬರುವುದು, ಒಂದು ಟೀ, ಒಂದು ತಟ್ಟೆ ಇಡ್ಲಿ. ವಾರಕ್ಕೆ ಎರಡು ದಿನ ಎಂದರೆ ತಿಂಗಳಿಗೆ ಎಷ್ಟಾಯಿತು, ಬಸ್ಸಿನಲ್ಲಿ ದಿನಾ ಓಡಾಡುವವರೇ ಲೆಕ್ಕ ಹಾಕಲಿ. ಅದರ ಮೇಲೆ ಕಂಡಕ್ಟರ್ ‘ಏನಪ್ಪಾ ಇದು, ದೊಣ್ಣೆನಾ? ಯಾರಿಗಾದ್ರೂ ತಾಗಿದ್ರೆ?’ ಎನ್ನುವುದು ಬೇರೆ.

ಹುಡುಗಿಯರ ಮಟ್ಟಿಗೆ ಒಂದು ಬಾಗಿಲು ತೆರೆದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಅಭ್ಯಾಸಕ್ಕೆ ಹಾಸನಕ್ಕೆ ಬರಬೇಕೆಂದರೆ ಆಧಾರ್ ಕಾರ್ಡ್ ತೋರಿಸಿ ಬರಬಹುದು. ಅಪ್ಪನ ಜೇಬು ನೋಡಬೇಕಾಗಿಲ್ಲ. ಆದರೆ ಅಭ್ಯಾಸ ಮುಗಿಯುವುದು ಸಂಜೆ ಆರರ ಮೇಲೆ. ಹಾಸನದಿಂದ ತಾಲ್ಲೂಕಿಗೆ ಬಸ್ ಸಿಕ್ಕರೂ ತಾಲ್ಲೂಕಿನಿಂದ ಹಳ್ಳಿಗೆ ಕೊನೆಯ ಬಸ್ಸು ಹೊರಟಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಗಳು ಕತ್ತಲಲ್ಲಿ ನಿಂತಿದ್ದಾಳೆ ಎಂದು ತಿಳಿದ ಮನೆಯಲ್ಲಿ ಹಾಕಿ ಎಂಬ ಪದ ಮತ್ತೆ ಬರುವುದಿಲ್ಲ. ಹುಡುಗಿಯರ ತಂಡ ಕಟ್ಟಬೇಕೆಂದರೆ ಬೆಳಗಿನ ಅಭ್ಯಾಸವೇ ಗತಿ. ಬೆಳಗಿನ ಅಭ್ಯಾಸ ಎಂದರೆ ಮೊದಲ ಪೀರಿಯಡ್ಡಿನ ಹಾಜರಾತಿ ಹೋಯಿತು.

ಪಕ್ಕದ ತಾಲ್ಲೂಕಿನಲ್ಲಿ

ಇಷ್ಟೆಲ್ಲ ಕೇಳಿದ ಮೇಲೆ, ಈ ಭಾಗದ ಮಣ್ಣಿಗೆ ಹಾಕಿ ಒಗ್ಗುವುದಿಲ್ಲ ಎನ್ನುವವರು ಅರಕಲಗೂಡಿನ ಗಡಿ ದಾಟಿ ಒಂದು ಹೆಜ್ಜೆ ಇಡಬೇಕು. ನೆರೆಯ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಡಗಿಯ ಮಗ. ಸ್ಟಿಕ್ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು. 2012ರ ಲಂಡನ್, 2016ರ ರಿಯೋ ಒಲಿಂಪಿಕ್ಸ್ ಎರಡರಲ್ಲೂ ಭಾರತದ ಪರ ಓಡಿದರು, 2014ರ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲಿ ಪಾಲು ಪಡೆದರು, 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರ ಊರಿನ ಮಳೆ ನಮ್ಮ ಮಳೆಗಿಂತ ಕಡಿಮೆ ಏನಲ್ಲ.

ವ್ಯತ್ಯಾಸ ಇರುವುದು ಪಂದ್ಯಗಳ ಸಂಖ್ಯೆಯಲ್ಲಿ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕುಟುಂಬಗಳ ನಡುವಿನ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ. ಅಲ್ಲಿ ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಇಳಿಯುತ್ತಾರೆ, ಸೊಸೆಯೂ ಸ್ಟಿಕ್ ಹಿಡಿಯುತ್ತಾಳೆ. ಹನ್ನೊಂದು ಜನ ಸಿಗುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮನೆತನದ ಮರ್ಯಾದೆ ಜನ ಒದಗಿಸುತ್ತದೆ. ಅದೇ ಹುಡುಗ ಕಾಲೇಜು ಸೇರುವ ಹೊತ್ತಿಗೆ ಎಷ್ಟೋ ಪಂದ್ಯ ಆಡಿ, ಸೋತು, ಗೆದ್ದು ಬಂದಿರುತ್ತಾನೆ. ನಮ್ಮ ಹುಡುಗನಿಗೆ ಕಾಲೇಜೇ ಮೊದಲ ಪಂದ್ಯ.

ಕೊಡಗಿನ ಹಾಗೆ ಮನೆತನದ ಹಬ್ಬವನ್ನು ಇಲ್ಲಿ ನಕಲು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಆದರೆ ನಾಲ್ಕು ಊರಿನ ಕಾಲೇಜುಗಳು ಸೇರಿ ನಾಕೌಟ್ ಬಿಟ್ಟು ಲೀಗ್ ಮಾದರಿಯಲ್ಲಿ ತಮ್ಮತಮ್ಮೊಳಗೆ ಆಡಿಕೊಂಡರೆ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ಸಿಗುತ್ತದೆ. ಒಂದೇ ಹುಡುಗನ ಮೂರು ವರ್ಷದ ಪಾಲು ಒಂದೇ ವರ್ಷದಲ್ಲಿ ಸಂದ ಹಾಗಾಯಿತು. ಇದಕ್ಕೆ ಕೃತಕ ಹಾಸು ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ. ಎರಡು ಗೋಲು, ಸುಣ್ಣ, ಸೀಟಿ ಊದುವ ಇಬ್ಬರು ಸಾಕು. ಗೋಲ್‌ಕೀಪರ್ ಕಿಟ್ಟನ್ನು ಪ್ರತಿ ಕಾಲೇಜೂ ಕೊಳ್ಳುವ ಬದಲು ಎರಡು ಜೊತೆ ಕೊಂಡು ಪಂದ್ಯ ಇರುವ ಊರಿಗೆ ಬಸ್ಸಿನಲ್ಲಿ ಕಳಿಸಬಹುದು. ಅಂಗಡಿ ಸಾಮಾನೆಲ್ಲ ಬಸ್ಸಿನ ಟಾಪಿನ ಮೇಲೆ ಹೋಗಿ ಬಂದ ಕಾಲವನ್ನು ಕಂಡ ವರ್ತಕರಿಗೆ ಇದು ಹೊಸದೇನಲ್ಲ.

ಪಾಸಿನ ವಿಷಯ ಸಾರಿಗೆ ನಿಗಮದ ಕೈಯಲ್ಲಿದೆ. ಕಾಲೇಜಿನ ಮುದ್ರೆ ಇರುವ ಪತ್ರ ತೋರಿಸಿದರೆ ಅಭ್ಯಾಸದ ದಿನ, ಪಂದ್ಯದ ದಿನ ಹಾಸನದವರೆಗೆ ಅದೇ ಪಾಸು ನಡೆಯುತ್ತದೆ ಎಂದು ಒಂದು ಆದೇಶ ಹೊರಡಿಸಿದರೆ ನಿಗಮ ದಿವಾಳಿ ಆಗುವುದಿಲ್ಲ. ಹದಿನಾರು ಹುಡುಗರು ನಿಂತುಕೊಂಡೇ ಬರುವವರು. ಪಂದ್ಯಾವಳಿಯ ದಿನಾಂಕ ವಿ.ವಿ.ಯ ಕೈಯಲ್ಲಿದೆ. ವರ್ಷದ ಆರಂಭದಲ್ಲೇ ತಿಳಿಸಿದರೆ, ಹೊಗೆಸೊಪ್ಪಿನ ಕೆಲಸ ಇಳಿಮುಖವಾಗಿ ಪರೀಕ್ಷೆ ಇನ್ನೂ ದೂರ ಇರುವ ವಾರ ನೋಡಿ ಇಟ್ಟರೆ, ಅರಕಲಗೂಡಿನ ತಂಡ ಹನ್ನೊಂದಲ್ಲ, ಹದಿಮೂರು ಹದಿನಾಲ್ಕು ಜನ ಬಸ್ ಹತ್ತಿಯಾರು. ಬೆಂಚಿನ ಮೇಲೆ ನೀರಿನ ಬಾಟಲಿ ಜೊತೆಗೆ ಇಬ್ಬರು ಮೂವರು ಹುಡುಗರೂ ಕೂತಾರು.